ವಖಾರಕ್ಕೆ ಹೋಗುತ್ತಿದ್ದ ಕ್ಯಾಸೆಟ್ಟು

ಮೊದಲು ಕೆಮ್ಮು ಕೇಳುತ್ತಿತ್ತು. ಟೇಪಿನ ಸುಯ್ ಎನ್ನುವ ಸದ್ದಿನ ಮೇಲೆ ಒಬ್ಬಳು ಕೆಮ್ಮುವಳು, ಇನ್ನೊಬ್ಬಳು ಜೊತೆಗೂಡುವಳು, ಯಾರೋ ದೂರದಲ್ಲಿ ಸೀನಿ ತಮ್ಮನ್ನೇ ತಾವು ಬೈದುಕೊಳ್ಳುವರು. ಆಮೇಲೆ ಗಂಟಲು ಸರಿಮಾಡಿಕೊಂಡ ಒಂದು ಎಳೆಯ ದನಿ, ಪುಸ್ತಕದ ಕನ್ನಡದಲ್ಲಿ, ಬಹಳ ಗಂಭೀರವಾಗಿ, "ಪ್ರಶ್ನೆ ಒಂದು" ಅನ್ನುವುದು...

ಹೋದ ವಾರ ಹಾವೇರಿಯ ನಮ್ಮ ಮನೆಯಲ್ಲಿ, ಮೇಲಿನ ಭಾಗದ ಬಾಡಿಗೆಯವರ ಮಗಳು ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಗೆಳತಿಯರ ವಾಯ್ಸ್ ಮೆಸೇಜುಗಳನ್ನು ಕೇಳುತ್ತಿದ್ದಳು. ಸ್ಕೂಲಿನ ಗ್ರೂಪ್ ಪ್ರಾಜೆಕ್ಟಂತೆ. ಬೇರೆ ಬೇರೆ ಮನೆಗಳಲ್ಲಿ ಕೂತ ಹುಡುಗಿಯರು ಒಂದೇ ಪಾಠವನ್ನು ಹಂಚಿಕೊಂಡು, ಒಬ್ಬರಿಗೊಬ್ಬರು ಕೇಳಿಸಿಕೊಂಡು ಮುಗಿಸಬೇಕು. ಅವರಲ್ಲೊಬ್ಬಳು ಮಾತಿಗೆ ಮುಂಚೆ ಕೆಮ್ಮಿದಳು. ನಾನು ಸೋಸುತ್ತಿದ್ದ ಚಹಾ ಕಪ್ಪಿನ ಹೊರಗೆ ಹೋಯಿತು.

"ನಿಮ್ಮ ಕಾಲದಾಗ ಇದೆಲ್ಲಾ ಇರಲಿಲ್ಲ, ಅಲ್ರಿ ಆಂಟಿ?" ಅಂದಳು ಹುಡುಗಿ.

"ಇತ್ತು" ಅಂದೆ. ಅವಳು ನಕ್ಕಳು. ಮುದುಕಿಯರು ಎಲ್ಲದಕ್ಕೂ 'ಇತ್ತು' ಅನ್ನುತ್ತಾರೆಂದು ಅವಳಿಗೆ ಗೊತ್ತು. ಆದರೆ ಖರೇ ಅಂದರೂ ಇತ್ತು. ಎಂಬತ್ತರ ದಶಕದ ಕೊನೆಯಲ್ಲಿ, ಬ್ಯಾಡಗಿಯಲ್ಲಿ, ನಮ್ಮ ವಿಜ್ಞಾನದ ಅಕ್ಕೋರ ಕೈಯಲ್ಲಿ ಇತ್ತು.

ಈ ಕಡೆ ಪಾಠ ಹೇಳುವ ಹೆಂಗಸಿಗೆ ಅಕ್ಕೋರು ಅನ್ನುತ್ತಾರೆ. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ನನಗೆ ಆ ಮಾತು ಹೊಸದು. ಯಜಮಾನರಿಗೆ ಬ್ಯಾಡಗಿಯ ಬ್ಯಾಂಕಿಗೆ ವರ್ಗವಾದಾಗ ಜೊತೆಗೆ ಬಂದೆ, ಊರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕಿತು. ನಾನು ಇಂಗ್ಲಿಷ್ ಅಕ್ಕೋರು ಆದೆ. ಅವರು ವಿಜ್ಞಾನದ ಅಕ್ಕೋರು. ರಾಣೇಬೆನ್ನೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ನೇರ ಬಸ್ಸು ತಪ್ಪಿದ ದಿನ ಮೋಟೆಬೆನ್ನೂರಿನಲ್ಲಿ ಇಳಿದು ಯಾವುದಾದರೂ ಟೆಂಪೋ ಹಿಡಿದು, ಮೈಮೇಲೆಲ್ಲ ಧೂಳು ಮಾಡಿಕೊಂಡು ಬಂದು, ಮೊದಲ ಪೀರಿಯಡ್ಡಿಗೆ ಸರಿಯಾಗಿ ನಿಂತಿರುತ್ತಿದ್ದರು. ಐವತ್ತರ ಹತ್ತಿರದ ವಯಸ್ಸು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳುವ ಧೈರ್ಯ ಇಡೀ ಸ್ಟಾಫ್‌ರೂಮಿನಲ್ಲಿ ಒಬ್ಬರಿಗೂ ಇರಲಿಲ್ಲ. ಕೈಗೆ ಗಂಡಸರ ದೊಡ್ಡ ವಾಚು, ಚೀಲದಲ್ಲಿ ಸದಾ ಹುರಿದ ಶೇಂಗಾ. ನನ್ನನ್ನು ಮೊದಲ ದಿನವೇ 'ಕಾನ್ವೆಂಟಿನಾಕಿ' ಅಂದರು, ಕೊನೆಯವರೆಗೂ ಅದೇ.

ಶಾಲೆಗೆ ಸರ್ಕಾರದಿಂದ ಒಂದು ಟೇಪ್‌ರೆಕಾರ್ಡರು ಬಂದಿತ್ತು, ಜೊತೆಗೆ ಇಂಗ್ಲಿಷ್ ಪ್ರನನ್ಸಿಯೇಷನ್ನಿನ ಕ್ಯಾಸೆಟ್ಟುಗಳು. ಹೆಡ್‌ಮಾಸ್ತರು ಅದಕ್ಕೆ ಕಸೂತಿಯ ಬಟ್ಟೆ ಹೊದಿಸಿ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. ವಾರಕ್ಕೊಮ್ಮೆ ನಾನು ಅದನ್ನು ಕ್ಲಾಸಿಗೆ ಒಯ್ದು, ಪರದೇಶದ ಯಾವನೋ ಒಬ್ಬ ಜೆಂಟಲ್‌ಮನ್ ಹೇಳುವ ವಾಕ್ಯಗಳನ್ನು ಕೇಳಿಸುತ್ತಿದ್ದೆ. ಹುಡುಗಿಯರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು, ಅವನಂತೆ ಗಂಟಲು ದಪ್ಪ ಮಾಡಿಕೊಂಡು ಹೇಳುತ್ತಿದ್ದರು. ನಾನು ಅದನ್ನು ಪ್ರೋಗ್ರೆಸ್ ಅಂದುಕೊಂಡಿದ್ದೆ.

ಒಂದು ದಿನ ಅಕ್ಕೋರು ಬಾಗಿಲಲ್ಲಿ ನಿಂತು ಅದನ್ನು ಪೂರ್ತಿ ಕೇಳಿದರು. ಆಮೇಲೆ ಒಳಗೆ ಬಂದು, ಮಷೀನಿನ ಕೆಂಪು ಗುಂಡಿಯ ಮೇಲೆ ಬೆರಳಿಟ್ಟು, "ಇದನ್ನ ಯಾಕ ಒತ್ತಂಗಿಲ್ರಿ ನೀವು?" ಅಂದರು.

"ಅದು ರೆಕಾರ್ಡಿಂಗಿಗೆ."

"ಅದ ಅಂದೆ. ನಿಮ್ಮ ಮಷೀನ ಬರೇ ಮಾತಾಡತೈತಿ, ಇನ್ನೊಬ್ಬರದು ಕೇಳೂದ ಇಲ್ಲ. ನಮ್ಮ ಹೆಡ್‌ಮಾಸ್ತರ ಹಂಗ."

ಬ್ಯಾಡಗಿಯಲ್ಲಿ ಇದ್ದವರಿಗೆ ಗೊತ್ತು. ಸಂಕ್ರಾಂತಿ ಆಯಿತೆಂದರೆ ಊರೆಲ್ಲ ಕೆಂಪು. ಸುತ್ತಲಿನ ಹಳ್ಳಿಗಳಿಂದ ಮೆಣಸಿನಕಾಯಿ ಬಂದು ಬೀಳುತ್ತದೆ. ವಖಾರಗಳಲ್ಲಿ, ಅಂದರೆ ವ್ಯಾಪಾರಸ್ಥರ ಉಗ್ರಾಣಗಳಲ್ಲಿ, ಹೆಂಗಸರು ಸಾಲಾಗಿ ಕೂತು ಅದರ ತೊಟ್ಟು ಮುರಿಯುತ್ತಾರೆ. ತಾಯಂದಿರ ಜೊತೆ ಹೆಣ್ಣುಮಕ್ಕಳೂ ಹೋಗುತ್ತಿದ್ದರು. ಪ್ರತಿ ವರ್ಷ ಸೀಸನ್ನು ಶುರುವಾದ ಕೂಡಲೇ ಹತ್ತನೇ ಕ್ಲಾಸಿನ ಹಿಂದಿನ ಎರಡು ಬೆಂಚು ಖಾಲಿಯಾಗುತ್ತಿದ್ದವು. ಪರೀಕ್ಷೆ ಹತ್ತಿರ ಬಂದಾಗ ಆ ಹುಡುಗಿಯರು ಬಂದು ಕೂರುವರು, ಬೆರಳ ತುದಿ ಉರಿಯುತ್ತಿರುವಾಗ ಪೆನ್ನು ಹಿಡಿದು, ಫೇಲಾಗುವರು. ಅದು ಆ ಊರಿಗೆ ಮಾಮೂಲು. ನಮಗೂ ಮಾಮೂಲು ಆಗಿಬಿಟ್ಟಿತ್ತು.

ಅಕ್ಕೋರಿಗೆ ಆಗಿರಲಿಲ್ಲ.

ಅವರು ಮಾಡಿದ್ದು ಹೀಗೆ. ಪಾಠವನ್ನು ಅವರು ತಾವೇ ರೆಕಾರ್ಡ್ ಮಾಡಲಿಲ್ಲ. ಕ್ಲಾಸಿನ ಹುಡುಗಿಯರಿಂದ ಮಾಡಿಸಿದರು. ಒಂದೊಂದು ಬೆಂಚಿಗೆ ಪಾಠದ ಒಂದೊಂದು ತುಂಡು. ಒಬ್ಬಳು ವಿವರಿಸುವವಳು, ಒಬ್ಬಳು ನಡುವೆ ತಡೆದು ದಡ್ಡ ಪ್ರಶ್ನೆ ಕೇಳುವವಳು. ದಡ್ಡ ಪ್ರಶ್ನೆಯ ಪಾಳಿಗಾಗಿ ಜಗಳವೇ ಆಗುತ್ತಿತ್ತು. ಆಮೇಲೆ ಒಂದು ಪ್ರಶ್ನೆ ಕೇಳಿ, ಟೇಪು ಓಡುತ್ತಿರುವಾಗಲೇ ಎಲ್ಲರೂ ಸುಮ್ಮನಾಗಬೇಕು. ವಖಾರದಲ್ಲಿ ಕೇಳುತ್ತಿರುವ ಹುಡುಗಿಯರು ಕೈ ನಿಲ್ಲಿಸದೆ, ಬಾಯಿಂದ ಉತ್ತರ ಹೇಳಲು ಬಿಟ್ಟ ಜಾಗ ಅದು. ಎ ಸೈಡು ಕ್ಲಾಸಿನದು. ಬಿ ಸೈಡು ವಖಾರದ್ದು. ಸಂಜೆ ಅಕ್ಕೋರು ಮಷೀನನ್ನು ಚೀಲದಲ್ಲಿಟ್ಟುಕೊಂಡು ವಖಾರಕ್ಕೆ ಹೋಗಿ ಎ ಸೈಡು ಹಚ್ಚುವರು. ಅಲ್ಲಿನ ಹುಡುಗಿಯರು ತಮ್ಮ ಉತ್ತರ, ತಮ್ಮ ಅನುಮಾನಗಳನ್ನು ಬಿ ಸೈಡಿಗೆ ತುಂಬುವರು. ಮರುದಿನ ಕ್ಲಾಸು ಅದನ್ನು ಕೇಳಿ, ತಲೆ ಕೆಡಿಸಿಕೊಂಡು, ಮತ್ತೆ ಎ ಸೈಡು ತಯಾರು ಮಾಡುವುದು. ಎರಡು ಕ್ಲಾಸು, ಒಂದು ಕ್ಯಾಸೆಟ್ಟು. ಇವತ್ತು ಇದಕ್ಕೆ ಎಷ್ಟೋ ದೊಡ್ಡ ಹೆಸರುಗಳಿವೆ, ಟ್ರೇನಿಂಗಿದೆ, ಸೆಮಿನಾರಿದೆ. ಆಗ ಹೆಸರಿರಲಿಲ್ಲ. ಹೆಡ್‌ಮಾಸ್ತರು ಇದನ್ನು 'ಅಕ್ಕೋರ ಹುಚ್ಚು' ಅನ್ನುತ್ತಿದ್ದರು.

ಅಕ್ಕೋರಿಗೆ ಎರಡು ನಿಯಮಗಳಿದ್ದವು. ಹುಡುಗಿಯರು ರೆಕಾರ್ಡ್ ಮಾಡುವಾಗ ತಾವು ವಖಾರದಲ್ಲಿ ನಿಲ್ಲುತ್ತಿರಲಿಲ್ಲ, ಹೊರಗೆ ಹೋಗಿ ಚಹಾದ ಅಂಗಡಿಯ ಬೆಂಚಿನ ಮೇಲೆ ಶೇಂಗಾ ತಿನ್ನುತ್ತ ಕೂರುತ್ತಿದ್ದರು. "ನಾ ಇದ್ರ ಅವು ಬಾಯಿ ಬಿಡಂಗಿಲ್ಲ, ತಪ್ಪಾದೀತು ಅಂತ." ಎರಡನೆಯದು, ಬಿ ಸೈಡನ್ನು ಕ್ಲಾಸಿಗೆ ಮುಂಚೆ ತಾವೊಬ್ಬರೇ ಕೇಳುತ್ತಿರಲಿಲ್ಲ. ನಾನು ಒಮ್ಮೆ, ಪ್ರಿಪೇರ್ ಆಗಿ ಹೋಗುವುದು ಬೆಟರ್ ಅಲ್ಲವೇ ಅಂದೆ.

"ನಾ ಮೊದಲ ಕೇಳಿದ್ರ ಉತ್ತರ ರೆಡಿ ಇಟ್ಕೊಂಡು ಹೊಕ್ಕೀನಿ. ಆಮ್ಯಾಲ ಅವಕ್ಕೇನು ಕೆಲಸ? ನಾನೂ ಅವರ ಜೋಡಿ ಮೊದಲ ಸಲನ ಕೇಳಬೇಕು. ನನಗೂ ಬರಂಗಿಲ್ಲ ಅಂತ ಅವಕ್ಕ ಕಾಣಬೇಕು."

ನನ್ನ ಕಾನ್ವೆಂಟಿನ ನನ್ಸ್ ಇದನ್ನು ಕೇಳಿದ್ದರೆ ಶಿಲುಬೆ ಮುಟ್ಟಿಕೊಳ್ಳುತ್ತಿದ್ದರು. ಟೀಚರಿಗೆ ಬರುವುದಿಲ್ಲ ಎಂದು ಮಕ್ಕಳಿಗೆ ತೋರಿಸುವುದೇ...

ವಖಾರದ ಕಡೆಯ ಮುಂದಾಳು ಮೆಹಬೂಬಿ ಅಂತ ಒಬ್ಬ ಹುಡುಗಿ. ಮನೆಯಲ್ಲಿ ಉರ್ದು, ವಖಾರದಲ್ಲಿ ನಮ್ಮ ಕನ್ನಡ, ಟೇಪಿಗೆ ಮಾತ್ರ ಅಚ್ಚ ಪುಸ್ತಕದ ಕನ್ನಡ. ಪದಾರ್ಥದ ಸ್ಥಿತಿಗಳ ಪಾಠವಾದ ಮೇಲೆ ಅವಳು ಬಿ ಸೈಡಿನಲ್ಲಿ ಕೇಳಿದ ಪ್ರಶ್ನೆ ನನಗೂ ನೆನಪಿದೆ: "ಮೆಣಸಿನಕಾಯಿ ಘಾಟು ಕಣ್ಣಿಗೆ ಕಾಣುವುದಿಲ್ಲ, ಆದರೆ ಮೂಗಿಗೆ ಬರುತ್ತದೆ. ಅದು ಅನಿಲವೋ, ಘನವೋ?" ಹಿಂದಿನಿಂದ ಒಬ್ಬ ಮುದುಕಿ, "ಅದು ದೆವ್ವಬೇ, ಬರಕೋ" ಅಂದದ್ದೂ ಅದರಲ್ಲಿತ್ತು. ಆ ಮುದುಕಿ ಫಕೀರವ್ವ. ವಖಾರದ ಹೆಂಗಸರಲ್ಲಿ ಹಿರಿಯಳು, ನಾಲಗೆಗೆ ಕಡಿವಾಣವಿಲ್ಲದವಳು. ಕ್ಲಾಸಿನ ಹುಡುಗಿಯರು ಪಾಠಕ್ಕಿಂತ ಅವಳಿಗಾಗಿ ಕಾಯುತ್ತಿದ್ದರು. ಘಾಟಿನ ಪ್ರಶ್ನೆಯ ಮೇಲೆ ಒಂದು ವಾರ ಚರ್ಚೆಯಾಯಿತು. ಅಕ್ಕೋರು ಲೈಬ್ರರಿಯ ಪುಸ್ತಕಗಳನ್ನೆಲ್ಲ ತಡಕಿದರು. ಹತ್ತನೇ ಕ್ಲಾಸು ಅಷ್ಟು ಗದ್ದಲ ಮಾಡಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ.

ವಖಾರ ನಮ್ಮ ಶಾಲಾ ಕಮಿಟಿಯ ಚೇರ್ಮನ್ನರದೇ. ದೊಡ್ಡ ವ್ಯಾಪಾರಸ್ಥರು. ಅಕ್ಕೋರು ಕೇಳಿಕೊಂಡಾಗ ಖುಷಿಯಿಂದ ಒಪ್ಪಿದ್ದರು. ಕೆಲಸವೂ ನಿಲ್ಲುವುದಿಲ್ಲ, ಪುಣ್ಯವೂ ಬರುತ್ತದೆ. ಬಂದ ಬೀಗರಿಗೆಲ್ಲ, "ನಮ್ಮ ವಖಾರದಾಗ ಸಾಲಿ ನಡೀತೈತಿ ನೋಡ್ರಿ" ಅಂತ ತೋರಿಸುತ್ತಿದ್ದರಂತೆ. ಅವರ ಮಗಳು ಸುವರ್ಣಾ ಅದೇ ಹತ್ತನೇ ಕ್ಲಾಸಿನಲ್ಲಿ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಎ ಸೈಡಿನಲ್ಲಿ ಅವಳ ದನಿಯೇ ಹೆಚ್ಚು. ಒಳ್ಳೆಯ ಸ್ಪಷ್ಟ ದನಿ. ಕಾಲೇಜಿಗೆ ಹೋಗುವ ಆಸೆ ಇಟ್ಟುಕೊಂಡಿದ್ದಳು. ಧಾರವಾಡದಲ್ಲಿ ಹಾಸ್ಟೆಲ್ಲು ಹೇಗಿರುತ್ತದೆ ಅಂತ ನನ್ನನ್ನು ಕೇಳುತ್ತಿದ್ದಳು. ಅವಳೂ ಮೆಹಬೂಬಿಯೂ ಶಾಲೆಯಲ್ಲಿ ಎಂದೂ ಮಾತಾಡಿದವರಲ್ಲ. ಟೇಪಿನಲ್ಲಿ ಮಾತ್ರ ಜಗಳವಾಡುವಷ್ಟು ಸಲಿಗೆ.

ಪರೀಕ್ಷೆಗೆ ಇನ್ನು ಸ್ವಲ್ಪವೇ ದಿನ ಇದ್ದಾಗ ಅದು ಆಯಿತು.

ನಾನು ಪಕ್ಕದ ಒಂಬತ್ತನೇ ಕ್ಲಾಸಿನಲ್ಲಿದ್ದೆ. ನಡುವಿನ ಗೋಡೆ ಮೇಲಿನವರೆಗೆ ಇರಲಿಲ್ಲ. ಬಿ ಸೈಡಿನ ಮಾತು ಸರಿಯಾಗಿ ತಿಳಿಯದಿದ್ದರೂ ನಗು ತಿಳಿಯುತ್ತಿತ್ತು. ಆವತ್ತು ಫಕೀರವ್ವನ ದನಿ ಬಂತು, ನಗು ಎದ್ದಿತು, ಹಾಗೇ ನಡುವೆ ನಿಂತುಹೋಯಿತು. ನನ್ನ ಹುಡುಗಿಯರು ಕೂಡ ಬರೆಯುವುದನ್ನು ಬಿಟ್ಟು ಗೋಡೆಯ ಕಡೆ ನೋಡಿದರು.

ಮಧ್ಯಾಹ್ನ ಅಕ್ಕೋರು ಡಬ್ಬಿ ತೆಗೆಯದೆ ಕೂತಿದ್ದರು. ನಡೆದದ್ದನ್ನು ನನಗೊಬ್ಬಳಿಗೇ ಹೇಳಿದರು. ವಖಾರದಲ್ಲಿ ಹಿಂದಿನ ಸಂಜೆ ಮೆಹಬೂಬಿ ಪ್ರಶ್ನೆಗಳನ್ನು ಮುಗಿಸಿ, ಮಷೀನು ನಿಲ್ಲಿಸುವುದನ್ನು ಮರೆತಿದ್ದಳು. ಟೇಪು ಓಡುತ್ತಲೇ ಇತ್ತು. ಹೆಂಗಸರು ತಮ್ಮ ಮಾತಿಗೆ ತಿರುಗಿದ್ದರು. ಅಕ್ಕೋರು ಅವರ ದನಿಗಳಲ್ಲೇ ಆ ಮಾತುಗಳನ್ನು ಒಪ್ಪಿಸಿದರು, ಒಂದು ಅಕ್ಷರವನ್ನೂ ಬಿಡದೆ.

"ಸಾವ್ಕಾರ್ರ ಮಗಳ ಲಗ್ನ ಗೊತ್ತು ಮಾಡ್ಯಾರಂತಬೇ. ಪರೀಕ್ಷಿ ಮುಗಿಯೂದ ತಡ, ಅಕ್ಕಿಕಾಳ."

"ಯಾರಿಗಬೇ?"

"ರಾಣೇಬೆನ್ನೂರ ಬೀಜದ ಅಂಗಡಿಯವರ ಮಗಗ. ಎರಡನೇ ಸಂಬಂಧ. ಮೊದಲನೇಕಿ ಸತ್ತಾಳ ಅಂತ ಹೇಳ್ಯಾರ. ಎಲ್ಲಿ ಸತ್ತಾಳ? ನಮ್ಮ ಕುಪ್ಪೇಲೂರಾಗ ತವರಮನ್ಯಾಗ ರೊಟ್ಟಿ ಬಡಿಯಾಕತ್ತಾಳ. ಮಕ್ಕಳಾಗಲಿಲ್ಲ ಅಂತ ತಂದು ಬಿಟ್ಟು ಹೋಗ್ಯಾರ."

"ಅಯ್ಯ ಶಿವನ. ಸತ್ತಾಕಿ ರೊಟ್ಟಿ ಬಡೀತಾಳ?"

"ಬಾಳ ಚೊಲೋ ಬಡೀತಾಳ. ನಾನು ಹೋದವಾರ ತಿಂದು ಬಂದೇನಿ."

ಅಲ್ಲಿ ಎಲ್ಲರೂ ನಕ್ಕಿದ್ದಾರೆ. ಆಮೇಲೆ ಮೆಹಬೂಬಿಯ ಗಾಬರಿಯ ದನಿ, "ಯವ್ವಾ, ಟೇಪ್ ತಿರಗಾಕತ್ತೈತಿ", ಟಕ್ ಅಂತ ಸದ್ದು. ಅಷ್ಟೇ.

ಕುಪ್ಪೇಲೂರು ಫಕೀರವ್ವನ ತವರು.

ತನ್ನ ಮದುವೆ ಗೊತ್ತಾಗಿರುವುದು ಸುವರ್ಣಾಗೆ ತಿಳಿದಿರಲಿಲ್ಲ. ಅವಳು ಅಳಲಿಲ್ಲವಂತೆ. ಎದ್ದು ನಿಂತು, "ಅಕ್ಕೋರ, ಇನ್ನೊಮ್ಮೆ ಹಚ್ರಿ" ಅಂದಳಂತೆ. ಅಕ್ಕೋರು ಹಚ್ಚಲಿಲ್ಲ.

ಆ ದಿನ ಸುವರ್ಣಾ ಮಧ್ಯಾಹ್ನವೇ ಮನೆಗೆ ಹೋದಳು. ತಾಯಿಯನ್ನು ಕೇಳಿದಳು, ಅಜ್ಜಿಯನ್ನು ಕೇಳಿದಳು, ಕೊನೆಗೆ ತಂದೆಯ ಅಂಗಡಿಗೇ ಹೋಗಿ ಕೇಳಿದಳು. ಟೇಪಿನಲ್ಲಿ ಕೇಳಿದೆ ಅಂದಳಂತೆ, ಯಾರ ದನಿ ಅಂತ ಮಾತ್ರ ಹೇಳಲಿಲ್ಲವಂತೆ. ಮರುದಿನ ಅವಳು ಶಾಲೆಗೆ ಬರಲಿಲ್ಲ. ಬೆಳಗಿನ ಪ್ರೇಯರ್ ಮುಗಿದ ಮೇಲೆ ಹೆಡ್‌ಮಾಸ್ತರು ಸ್ಟಾಫ್‌ರೂಮಿಗೆ ಬಂದು ನಿಂತರು. ಕರ್ಚೀಫಿನಿಂದ ಕತ್ತು ಒರೆಸಿಕೊಳ್ಳುತ್ತ, ಸಾಲಿ ಬಿಟ್ಟ ಮೇಲೆ ಚೇರ್ಮನ್ನರು ಬರುತ್ತಾರೆ, ಆ ಕ್ಯಾಸೆಟ್ಟು ಕೇಳುತ್ತಾರಂತೆ, ತೆಗೆದಿಡಿ ಅಂದರು.

"ಏನು ಕೇಳಾಕ ಬರ್ತಾರ್ರಿ?" ಅಂದರು ಅಕ್ಕೋರು. "ಅದು ಖರೇನೋ ಸುಳ್ಳೋ ಅಂತನೋ, ಅಂದವರು ಯಾರು ಅಂತನೋ?"

"ಯಾರು ಅಂತ" ಅಂದರು ಹೆಡ್‌ಮಾಸ್ತರು.

ಅಕ್ಕೋರು ತಲೆಯಾಡಿಸಿದರು. ಅವರಿಗೆ ಬೇಕಿದ್ದ ಉತ್ತರ ಸಿಕ್ಕಿತ್ತು ಅಂತ ನನಗೆ ಆಮೇಲೆ ಅರ್ಥವಾಯಿತು. ವಿಷಯ ಮೊದಲೇ ತಿಳಿದಿರದಿದ್ದರೆ ಅಪ್ಪನಾದವನು ಮೊದಲು ಖರೇನೋ ಸುಳ್ಳೋ ಅಂತ ಕೇಳುತ್ತಿದ್ದ.

ಟೇಪು ಕೇಳಿದರೆ ಚೇರ್ಮನ್ನರಿಗೆ ಫಕೀರವ್ವನ ದನಿ ಒಂದೇ ಮಾತಿಗೆ ಗುರುತು ಸಿಗುತ್ತದೆ. ಅವಳ ಕೆಲಸ ಹೋಗುತ್ತದೆ, ಅವಳ ಜೊತೆ ನಕ್ಕವರ ಕೆಲಸವೂ ಹೋಗುತ್ತದೆ. ಒಂದು ವಖಾರದಿಂದ ತೆಗೆದುಹಾಕಿದವರನ್ನು ಆ ಊರಿನಲ್ಲಿ ಇನ್ನೊಂದು ವಖಾರ ಕರೆಯುವುದಿಲ್ಲ. ಮೆಹಬೂಬಿಯ ತಾಯಿಯೂ ಆ ಸಾಲಿನಲ್ಲೇ ಕೂತಿದ್ದಳು.

ಮಧ್ಯಾಹ್ನ ಅಕ್ಕೋರು ಮಷೀನನ್ನು ತಂದು ಸ್ಟಾಫ್‌ರೂಮಿನ ಮೇಜಿನ ಮೇಲಿಟ್ಟರು. ನಾವು ನಾಲ್ಕೈದು ಮಂದಿ ಇದ್ದೆವು.

"ಒಂದೀಟು ಎಲ್ಲಾರೂ ಸುಮ್ಮ ಕುಂದರ್ರಿ" ಅಂದರು.

"ಯಾಕ್ರಿ?" ಅಂದರು ಡ್ರಿಲ್ ಮಾಸ್ತರು.

"ಇದರಾಗ ಅಳಿಸೂ ಗುಂಡಿ ಇಲ್ರಿ. ಹೊಸದು ಕೇಳಿಸಿದ್ರನ ಹಳೇದು ಹೊಕ್ಕೈತಿ."

ಪಾಠ ಓದಿ ತುಂಬಬಹುದಿತ್ತು, ಇಲ್ಲ ನನ್ನ ಇಂಗ್ಲಿಷ್ ಜೆಂಟಲ್‌ಮನ್ನನನ್ನೇ ಹಚ್ಚಬಹುದಿತ್ತು. ನಾನು ಸಜೆಸ್ಟ್ ಮಾಡಿದೆ ಕೂಡ. ಅಕ್ಕೋರು ಬೇಡವೆಂದರು. "ಅವರ ಮಾತಿನ ಮ್ಯಾಲ ನಮ್ಮ ಮಾತು ಹಾಕೂದು ಬ್ಯಾಡ." ಕೆಂಪು ಗುಂಡಿ ಒತ್ತಿದರು.

ಅರ್ಧ ಗಂಟೆ. ಮಾತಾಡದೆ ಕೂರುವುದು ಶಿಕ್ಷಕರಿಗೆ ಎಷ್ಟು ಕಷ್ಟ ಅಂತ ಆವತ್ತು ತಿಳಿಯಿತು. ಹೊಲಿಗೆ ಅಕ್ಕೋರು ಬಳೆ ಸದ್ದಾಗದಂತೆ ಕೈ ಹಿಡಿದುಕೊಂಡು ಕೂತರು. ಹೊರಗೆ ಕಾಗೆ ಕೂಗಿತು. ಗಂಟೆ ಹೊಡೆಯಿತು, ಯಾರೂ ಏಳಲಿಲ್ಲ. ವರಾಂಡದಲ್ಲಿ ಹುಡುಗಿಯರು ಓಡಿದ ಸದ್ದು ಬಂದು ಹೋಯಿತು. ಡ್ರಿಲ್ ಮಾಸ್ತರಿಗೆ ಸೀನು ಬಂದು, ತಡೆಯಲು ಹೋಗಿ, ಕೊನೆಗೆ ಬಂದೇಬಿಟ್ಟಿತು. ನಗು ಬರುವಂಥ ಮಾತು; ಯಾರಿಗೂ ನಗು ಬರಲಿಲ್ಲ. ಅಕ್ಕೋರು ಮಾತ್ರ ಟೇಪಿನ ಆ ಸಣ್ಣ ಕಿಟಕಿಯನ್ನೇ ನೋಡುತ್ತಿದ್ದರು, ಒಂದು ಚಕ್ರ ಸಣ್ಣದಾಗುತ್ತ ಇನ್ನೊಂದು ದೊಡ್ಡದಾಗುವುದನ್ನು... ಆ ಬಿ ಸೈಡಿನ ಮೊದಲ ಭಾಗದಲ್ಲಿ ಮೆಹಬೂಬಿಯ ಪ್ರಶ್ನೆಗಳೂ ಇದ್ದವು. ಅವೂ ಹೋದವು.

ಸಂಜೆ ಚೇರ್ಮನ್ನರು ಬಂದರು. ಹೆಡ್‌ಮಾಸ್ತರ ರೂಮಿನಲ್ಲಿ ಕೂತು ಕಾಗೆಯನ್ನು, ಗಂಟೆಯನ್ನು, ಸೀನನ್ನು ಕೇಳಿದರು. ಪೂರ್ತಿ ಕೇಳುವಷ್ಟು ತಾಳ್ಮೆ ಇರಲಿಲ್ಲ.

"ಇದರಾಗ ಏನೂ ಇಲ್ಲಲ್ರಿ."

"ಇಲ್ರಿ" ಅಂದರು ಅಕ್ಕೋರು.

"ಆದ್ರ ನಮ್ಮ ಹುಡುಗಿ ಏನೋ ಕೇಳೇನಿ ಅಂತಾಳ."

ಅಕ್ಕೋರು ಮಷೀನಿನಿಂದ ಕ್ಯಾಸೆಟ್ಟು ತೆಗೆದರು. ಚೇರ್ಮನ್ನರು ಎದ್ದು, ಶಲ್ಯ ಸರಿಮಾಡಿಕೊಂಡು, ಬಹಳ ಮರ್ಯಾದೆಯಿಂದಲೇ ಹೇಳಿದರು. "ವಖಾರದಾಗ ಇನ್ನ ಸಾಲಿ ಬ್ಯಾಡ್ರಿ ಅಕ್ಕೋರ. ಮಾಲಿನ ಗದ್ದಲ ಜಾಸ್ತಿ ಆಗೇತಿ."

ಮಷೀನು ಕಪಾಟಿಗೆ ಹೋಯಿತು. ಕಸೂತಿಯ ಬಟ್ಟೆ ಮತ್ತೆ ಬಂತು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಸ್ವಲ್ಪ ಹೆಮ್ಮೆಯಿಂದಲೇ ಬರೆಯುತ್ತಿದ್ದೆನೋ ಏನೋ. ಮರುದಿನ ಶಾಲೆ ಶುರುವಾಗುವ ಮುಂಚೆ ಸುವರ್ಣಾ ಬಂದಳು. ಯೂನಿಫಾರಂ ಇಲ್ಲ, ಮನೆಯ ಲಂಗ. ಮನೆಯ ಕೆಲಸದಾಕೆಯ ಜೊತೆ ಹಾಲಿಗೆಂದು ಹೊರಟು ಅಲ್ಲಿಂದ ಓಡಿ ಬಂದಿದ್ದಳು. ಅಕ್ಕೋರು ಆಗಷ್ಟೇ ಬಸ್ಸಿಳಿದು ಗೇಟಿನೊಳಗೆ ಬರುತ್ತಿದ್ದರು, ನಾನೂ ಅಲ್ಲಿದ್ದೆ.

"ಅಕ್ಕೋರ, ಆ ಟೇಪ್ ಕೊಡ್ರಿ" ಅಂದಳು.

"ಯಾಕ ತಂಗಿ?"

"ನಮ್ಮ ಸೋದರಮಾವ ಹಾವೇರ್ಯಾಗ ಅದಾನ. ಅವನ ಮಾತು ನಮ್ಮಪ್ಪ ದಾಟಂಗಿಲ್ಲ. ನಾ ಹೇಳಿದ್ರ ಸುಳ್ಳ ಅಂತಾರ, ಓದಾಕಂತ ನೆವ ಹೂಡ್ಯಾಳ ಅಂತಾರ. ಮಾವ ತನ್ನ ಕಿವೀಲೆ ಕೇಳಿದ್ರ ನಂಬತಾನ. ಒಂದ ಸಲ ಕೇಳಿಸಿ ತಂದು ಕೊಡ್ತೀನ್ರಿ."

ಅಕ್ಕೋರ ಮುಖ ಆಗ ಹೇಗಿತ್ತೆಂದು ಬರೆಯಲು ನನಗೆ ಬರುವುದಿಲ್ಲ. ಕನ್ನಡದಲ್ಲೂ ಬರುವುದಿಲ್ಲ, ಇಂಗ್ಲಿಷಿನಲ್ಲೂ ಇಲ್ಲ.

"ಅದು ಈಗ ಇಲ್ಲವ್ವ" ಅಂದರು. "ನಾನ ಅಳಿಸೀನಿ."

ಹುಡುಗಿ ಅವರನ್ನೇ ನೋಡಿದಳು. ಅವಳಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಲೆಕ್ಕ ಬಿಡಿಸುವಾಗ ಒಂದು ಹೆಜ್ಜೆ ತಿಳಿಯದಿದ್ದರೆ ಹೀಗೇ ನೋಡುತ್ತಿದ್ದಳು. ಆಮೇಲೆ, "ಹೌದ್ರಿ" ಅಂದು, ಬಂದ ದಾರಿಯಲ್ಲೇ ಓಡಿದಳು.

ಆ ಭಾನುವಾರ ಅಕ್ಕೋರು ಹಾವೇರಿಗೆ ಹೊರಟರು. "ನೀವೂ ಬರ್ರಿ ಕಾನ್ವೆಂಟಿನಾಕಿ. ಬ್ಯಾಂಕಿನವರ ಹೆಂಡತಿ ಅಂದ್ರ ಕುರ್ಚಿನಾದ್ರೂ ಕೊಡ್ತಾರ." ಸೋದರಮಾವನದು ಬಟ್ಟೆಯ ಅಂಗಡಿ. ಒಳ್ಳೆಯ ಮನುಷ್ಯ. ಕುರ್ಚಿ ಕೊಟ್ಟ, ಚಹಾ ತರಿಸಿದ, ಸೋದರಸೊಸೆ ಹೇಗೆ ಓದುತ್ತಾಳೆಂದು ಪ್ರೀತಿಯಿಂದ ವಿಚಾರಿಸಿದ. ಅಕ್ಕೋರು ಸುತ್ತಿ ಬಳಸದೆ ಹೇಳಿದರು. ಆ ಹುಡುಗನ ಮೊದಲ ಹೆಂಡತಿ ಬದುಕಿದ್ದಾಳೆ.

ಅವನು ಕಪ್ಪು ಕೆಳಗಿಟ್ಟ. "ಯಾರು ಹೇಳಿದ್ರಿ ನಿಮಗ?"

"ಕೇಳೇನಿ."

"ಯಾರ ಬಾಯಾಗ?"

"ಅದು ಹೇಳಾಕ ಬರಂಗಿಲ್ರಿ."

"ಅಕ್ಕೋರ, ತಪ್ಪ ತಿಳೀಬ್ಯಾಡ್ರಿ. ಲಗ್ನದ ಮಾತು. ಆಗಲಾರದವರು ನೂರು ಅಂತಾರ. ಹೆಸರು ಹೇಳ್ರಿ, ಈಗಿಂದೀಗ ಗಾಡಿ ಹತ್ತತೀನಿ. ಯಾವ ಊರು ಅಷ್ಟ ಹೇಳ್ರಿ ಬೇಕಾದ್ರ."

ಊರು ಹೇಳಿದರೆ ಸಾಕಿತ್ತು. ಆದರೆ ಅಳಿಯನಾಗುವವನ ವಿಷಯ ಕುಪ್ಪೇಲೂರಿನಿಂದ ಬಂತೆಂದರೆ, ವಖಾರದಲ್ಲಿ ಕುಪ್ಪೇಲೂರಿನವಳು ಒಬ್ಬಳೇ. ನಾನು ಅಕ್ಕೋರ ಕಡೆ ನೋಡಿದೆ. ಅವರು ತಮ್ಮ ವಾಚಿನ ಪಟ್ಟಿಯನ್ನು ತಿರುಗಿಸುತ್ತಿದ್ದರು. ಅಂಗಡಿಯಲ್ಲಿ ಯಾರಿಗೋ ಸೀರೆ ಬಿಚ್ಚಿ ಬಿಚ್ಚಿ ತೋರಿಸುತ್ತಿದ್ದರು.

"ನೀವ ಒಂದೀಟು ವಿಚಾರಸ್ರಿ" ಅಂದರು ಕೊನೆಗೆ. "ಬೀಗರು ಹೇಳಿದವರನ್ನ ಬಿಟ್ಟು ಬ್ಯಾರೆದವರನ್ನ ಕೇಳ್ರಿ."

"ಕೇಳತೀನ್ರಿ" ಅಂದ. ಕೇಳಿದನಂತೆ ಕೂಡ. ಯಾರನ್ನು ಕೇಳಿದನೋ, ಅವರೇನು ಹೇಳಿದರೋ... ಲಗ್ನಪತ್ರಿಕೆಯಲ್ಲಿ ಅವನ ಹೆಸರೂ ಇತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕೋರು ಒಂದೇ ಮಾತಾಡಿದರು. "ನನ್ನ ಕ್ಲಾಸಿನ ಹುಡುಗಿ ಆಕಿ. ಫಕೀರವ್ವ ನನ್ನ ಕ್ಲಾಸಿನಾಕಿ ಅಲ್ಲ. ಆದ್ರ ನಾನ ಹೋಗಿ ಆಕಿ ಮುಂದ ಮಷೀನ ಇಟ್ಟು ಬಂದೆ." ಎಷ್ಟೋ ಸಲ ಆ ಬಟ್ಟೆಯಂಗಡಿಯ ಕುರ್ಚಿಯಲ್ಲಿ ಅವರ ಬದಲು ನನ್ನನ್ನು ಕೂರಿಸಿ ನೋಡಿಕೊಂಡಿದ್ದೇನೆ. ಒಮ್ಮೆ ಊರಿನ ಹೆಸರು ಹೇಳಿಬಿಡುತ್ತೇನೆ, ಇನ್ನೊಮ್ಮೆ ಹೇಳುವುದಿಲ್ಲ. ಎರಡೂ ಸಲ ನಿದ್ದೆ ಬರುವುದಿಲ್ಲ.

ಸುವರ್ಣಾ ಪರೀಕ್ಷೆ ಬರೆದಳು. ತಂದೆ ಅಷ್ಟಕ್ಕೆ ಒಪ್ಪಿದ್ದರು. ಚೆನ್ನಾಗಿಯೇ ಪಾಸಾದಳು. ರಿಸಲ್ಟು ಬರುವ ಹೊತ್ತಿಗೆ ರಾಣೇಬೆನ್ನೂರಿನ ಸೊಸೆಯಾಗಿದ್ದಳು. ವಖಾರದ ಹುಡುಗಿಯರಲ್ಲಿ ಒಬ್ಬಿಬ್ಬರು ಹೇಗೋ ದಾಟಿದರು. ಮೆಹಬೂಬಿ ಫೇಲಾದಳು. ವಿಜ್ಞಾನದಲ್ಲೇ. ಕೊನೆಯ ಪಾಠಗಳು ಅವಳಿಗೆ ತಲುಪಿರಲಿಲ್ಲ. ಟೇಪು ನಿಂತ ಮೇಲೆ ಅಕ್ಕೋರು ಮಧ್ಯಾಹ್ನದ ಹೊತ್ತು ವಖಾರದ ಗೇಟಿನ ಹೊರಗೆ ನಿಂತು, ಊಟಕ್ಕೆ ಬಿಟ್ಟಾಗ ಅವಳಿಗೆ ಬಾಯಿಂದಲೇ ಹೇಳಿಕೊಡಲು ನೋಡಿದರು. ಎರಡು ದಿನ ಆದ ಮೇಲೆ ಊಟಕ್ಕೆ ಹೊರಗೆ ಬಿಡುವುದನ್ನೇ ನಿಲ್ಲಿಸಿದರು. ಪರೀಕ್ಷೆಗೆ ಇನ್ನೊಮ್ಮೆ ಕಟ್ಟು ಅಂತ ಅಕ್ಕೋರು ಮನೆಗೇ ಹೋಗಿ ಹೇಳಿದಾಗ ಮೆಹಬೂಬಿ, "ಒಬ್ಬಾಕಿನ ಓದಾಕ ಮನಸು ಬರಂಗಿಲ್ರಿ ಅಕ್ಕೋರ" ಅಂದಳಂತೆ. ಅವಳಿಗೆ ಟೇಪಿನ ಆಚೆ ಬದಿಯಲ್ಲಿ ಯಾರಾದರೂ ಬೇಕಿತ್ತು.

ಜೂನ್‌ನಲ್ಲಿ ಶಾಲೆ ಶುರುವಾದಾಗ ಅಕ್ಕೋರು ಬರಲಿಲ್ಲ. ಕಮಿಟಿ ತೆಗೆದಿತೋ, ಅವರೇ ಬಿಟ್ಟರೋ, ಎರಡೂ ಮಾತಿತ್ತು. ರಾಣೇಬೆನ್ನೂರಿನ ಯಾವುದೋ ಶಾಲೆಗೆ ಸೇರಿದರು ಅಂತ ತಿಳಿಯಿತು. ಎರಡು ವರ್ಷದ ನಂತರ ಯಜಮಾನರಿಗೆ ವರ್ಗವಾಯಿತು, ನಾವು ಊರೂರು ಸುತ್ತಿ ಕೊನೆಗೆ ಹಾವೇರಿಗೆ ಬಂದು ನಿಂತೆವು. ಅಕ್ಕೋರು ತೀರಿಕೊಂಡ ಸುದ್ದಿ ನನಗೆ ಬಹಳ ತಡವಾಗಿ, ಯಾರದೋ ಮದುವೆಯ ಊಟದ ಪಂಕ್ತಿಯಲ್ಲಿ, ಪಕ್ಕದಲ್ಲಿ ಕೂತವರಿಂದ ಸಿಕ್ಕಿತು. ಎಲೆ ಬಿಟ್ಟು ಏಳುವಂತಿರಲಿಲ್ಲ. ಉಂಡು ಎದ್ದೆ.

ಅವರನ್ನು ಕೊನೆಯ ಸಲ ನೋಡಿದ್ದು ತೊಂಬತ್ತರ ದಶಕದ ನಡುವೆ, ರಾಣೇಬೆನ್ನೂರಿನ ಬಸ್‌ಸ್ಟ್ಯಾಂಡಿನಲ್ಲಿ. ನಾನು ಎಂದಿನಂತೆ ಬಿಸಿಲಿಗೆ ಕೊಡೆ ಹಿಡಿದು ಹಾವೇರಿಯ ಬಸ್ಸಿಗೆ ಕಾಯುತ್ತಿದ್ದೆ. ಯಾರೋ ಹಿಂದಿನಿಂದ, "ಕಾನ್ವೆಂಟಿನಾಕಿ ಇನ್ನೂ ಕೊಡಿ ಬಿಟ್ಟಿಲ್ಲಲ್ರಿ" ಅಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ವಾಚು ಅದೇ, ಕೈ ಮಾತ್ರ ಸಣ್ಣದಾಗಿ ಅದು ಮೊಣಕೈಯವರೆಗೂ ಜಾರುತ್ತಿತ್ತು. ಶೇಂಗಾ ಕೊಟ್ಟರು. ಬೆಂಚಿನ ಮೇಲೆ ಕೂತೆವು.

ಫಕೀರವ್ವ ಇನ್ನೂ ಅದೇ ವಖಾರದಲ್ಲಿದ್ದಾಳೆ ಅಂದರು. ಮೆಹಬೂಬಿಗೆ ಮದುವೆಯಾಗಿ ಎರಡು ಹೆಣ್ಣುಮಕ್ಕಳು. ನಾನು ಕೇಳಬಾರದಿತ್ತೋ ಏನೋ, ಸುವರ್ಣಾಳ ಬಗ್ಗೆ ಕೇಳಿದೆ.

"ಇದ ಊರಾಗ ಅದಾಳಲ್ರಿ. ವರ್ಷಕ್ಕ ಒಂದೆರಡು ಸಲ ಕಾಯಿಪಲ್ಯದ ಸಂತ್ಯಾಗ ಸಿಗತಾಳ. ನಮಸ್ಕಾರ ಮಾಡತಾಳ."

"ಮಾತಾಡ್ತಾಳೇನ್ರಿ?"

"ಇಲ್ರಿ" ಅಂದರು. ಅಂಗೈಯಲ್ಲಿದ್ದ ಶೇಂಗಾದ ಸಿಪ್ಪೆ ಊದಿ, "ಎಷ್ಟು ಚೊಲೋ ದನಿ ಇತ್ತು ಆಕೀದು" ಅಂದರು.

ಅವರ ಬಸ್ಸು ಮೊದಲು ಬಂತು. ಗದ್ದಲದಲ್ಲಿ ನುಗ್ಗಿ ಹತ್ತಿದರು, ಆ ವಯಸ್ಸಿನಲ್ಲೂ ಕಿಟಕಿಯ ಸೀಟು ಹಿಡಿದರು. ಬಸ್ಸು ಹೊರಡಲು ಗುಡುಗುಡು ಅನ್ನತೊಡಗಿದಾಗ ಕಿಟಕಿಯಿಂದ ಬಾಗಿ ನನಗೆ ಏನೋ ಹೇಳಿದರು. ಚಿಕ್ಕ ಮಾತಲ್ಲ, ಸುಮಾರು ಉದ್ದನೆಯದು. ಕೊನೆಯಲ್ಲಿ ಹುಬ್ಬು ಮೇಲೆತ್ತಿ ಕಾಯ್ದರು, ಆದ್ದರಿಂದ ಅದು ಪ್ರಶ್ನೆ. ಎಂಜಿನ್ನಿನ ಸದ್ದಿನಲ್ಲಿ ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿ ಅನ್ನುವಷ್ಟು ಹೊತ್ತೂ ಇರಲಿಲ್ಲ. ನಾನು ಹೂಂ ಎಂದು ತಲೆಯಾಡಿಸಿದೆ. ಅವರಿಗೆ ಸಮಾಧಾನವಾದಂತೆ ಕಂಡಿತು. ಕಿಟಕಿಯಿಂದ ಹಿಂದೆ ಸರಿದು ಕೂತರು, ಬಸ್ಸು ತಿರುಗಿತು.